ಸಂಬಂಧ ಕೇಳುವ ಭಾಷೆ

ಪದ ಕೊಟ್ಟು ಪುಟ ಹುಡುಕುವುದು ಈಗ ಮಕ್ಕಳಾಟ. ‘ಇದಕ್ಕೂ ಅದಕ್ಕೂ ಏನು ಸಂಬಂಧ?’ ಎಂದು ಕಂಪ್ಯೂಟರನ್ನು ಕೇಳುವುದು ಮಾತ್ರ ಹಾಗಲ್ಲ. ಅದಕ್ಕೊಂದು ಭಾಷೆ ಬೇಕು. ಆ ಭಾಷೆಯ ವ್ಯಾಕರಣಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು ಕಂಪ್ಯೂಟರ್ ವಿಜ್ಞಾನಿ ಆಲ್ಬರ್ಟೊ ಮೆಂಡೆಲ್ಜಾನ್.

ಸಾಗರದ ಹತ್ತಿರ ಒಂದು ಮದುವೆಮನೆ. ಮೊದಲ ಪಂಕ್ತಿ ಎದ್ದು ಎರಡನೆಯದಕ್ಕೆ ಎಲೆ ಹಾಕುತ್ತಿದ್ದರು. ನಾನು ಗಂಡಿನ ಕಡೆಯವನೋ ಹೆಣ್ಣಿನ ಕಡೆಯವನೋ ಎಂಬುದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಕಂಬಕ್ಕೊರಗಿ ನಿಂತಿದ್ದವನನ್ನು ಜಗಲಿಯಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜಿಯೊಬ್ಬರು ಕೈಬೀಸಿ ಕರೆದರು.

‘ಯಾರ ಮನೆ ಹುಡುಗ ಮಾರಾಯಾ ನೀನು?’

ಅಪ್ಪನ ಹೆಸರು ಹೇಳಿದೆ. ಗೊತ್ತಾಗಲಿಲ್ಲ. ‘ಅಮ್ಮನ ತವರು ಯಾವುದು?’ ಊರು ಹೇಳಿದೆ. ‘ಆ ಊರಲ್ಲಿ ಯಾವ ಮನೆ? ಕೆರೆ ಏರಿ ಹತ್ತಿರದ್ದೋ, ದೇವಸ್ಥಾನದ ಹಿಂದಿನದೋ?’ ಕೆರೆ ಏರಿ ಎಂದೆ. ಅಜ್ಜಿ ಎರಡು ಕ್ಷಣ ಕಣ್ಣು ಮುಚ್ಚಿದರು. ‘ಹಾಗಾದ್ರೆ ನೀನು ನಮ್ಮ ದೊಡ್ಡ ಭಾವನ ಷಡ್ಡಕನ ಮೊಮ್ಮಗ. ದೂರದವನೇನಲ್ಲ. ಹೋಗಿ ಕೂತ್ಕೋ, ಎಲೆ ಹಾಕ್ತಿದಾರೆ.’

ಊಟ ಮಾಡುತ್ತಾ ಆ ಮಾತನ್ನು ಬಿಡಿಸಿ ನೋಡಿದೆ. ದೊಡ್ಡ ಭಾವನಿಂದ ಅವರ ಹೆಂಡತಿ, ಹೆಂಡತಿಯಿಂದ ಅವಳ ತಂಗಿ, ತಂಗಿಯಿಂದ ಅವಳ ಗಂಡ, ಗಂಡನಿಂದ ಅವನ ಮಗಳು, ಮಗಳಿಂದ ನಾನು. ಐದು ಹೆಜ್ಜೆ. ಅದರಲ್ಲಿ ಮೊದಲ ಮೂರನ್ನು ಕನ್ನಡ ‘ಷಡ್ಡಕ’ ಎಂಬ ಒಂದೇ ಪದದಲ್ಲಿ ಮಡಿಸಿಟ್ಟಿದೆ. ಗಂಡನ ಸೋದರನ ಹೆಂಡತಿ ‘ಓರಗಿತ್ತಿ’. ಮಗ ಅಥವಾ ಮಗಳನ್ನು ಮದುವೆಯಾದವರ ಹೆತ್ತವರು ‘ಬೀಗರು’. ಹೆಸರು ಯಾರದೇ ಇರಲಿ, ಇಂಥ ಕಡೆಯಿಂದ ಹೊರಟು ಇಂಥಿಂಥ ತಿರುವು ತೆಗೆದುಕೊಂಡರೆ ಸಿಗುವವರು ಇವರು ಎಂದು ಈ ಪದಗಳು ಹೇಳುತ್ತವೆ. ಅವು ದಾರಿಗೆ ಇಟ್ಟ ಹೆಸರುಗಳು.

ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ‘ಪಾತ್ ಕ್ವೆರಿ’ ಎನ್ನುತ್ತಾರೆ. ದಾರಿಯ ಮೂಲಕ ಕೇಳುವ ಪ್ರಶ್ನೆ. ಅಜ್ಜಿಗೆ ಎರಡು ಕ್ಷಣ ಹಿಡಿದ ಈ ಕೆಲಸವನ್ನು ಯಂತ್ರಕ್ಕೆ ಕಲಿಸಲು ವಿಜ್ಞಾನಿಗಳಿಗೆ ಹಲವು ದಶಕಗಳೇ ಹಿಡಿದವು.

ಕೋಷ್ಟಕಕ್ಕೆ ಮುತ್ತಜ್ಜ ಗೊತ್ತಿಲ್ಲ

ಮೆಂಡೆಲ್ಜಾನ್ ಹುಟ್ಟಿದ್ದು 1951ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಪದವಿ ಮುಗಿಸಿ ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋದರು. 1979ರಲ್ಲಿ ಜೆಫ್ರಿ ಉಲ್ಮನ್ ಅವರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ ಪಡೆದರು. ಐಬಿಎಂ ಕಂಪನಿಯ ಪ್ರಯೋಗಾಲಯದಲ್ಲಿ ಸ್ವಲ್ಪ ಕಾಲ ಇದ್ದು, 1980ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯ ಸೇರಿದರು. ಕೊನೆಯವರೆಗೂ ಅಲ್ಲೇ ಇದ್ದರು.

ಆ ಹೊತ್ತಿಗೆ ಡೇಟಾಬೇಸ್ ಎಂದರೆ ಕೋಷ್ಟಕ ಎಂಬುದು ಗಟ್ಟಿಯಾಗುತ್ತಿತ್ತು. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ವಿಚಾರ ಅದು: ಮಾಹಿತಿಯನ್ನೆಲ್ಲ ಸಾಲು, ಕಂಬಗಳಾಗಿ ಬರೆದಿಡಿ, ಬೇಕಾದ್ದನ್ನು ಕೇಳಿ ಪಡೆಯಲು ಒಂದು ಶಿಸ್ತಿನ ಭಾಷೆ ಇರಲಿ. ಆ ಬೇರಿನಿಂದ ಬೆಳೆದದ್ದೇ ಎಸ್‌ಕ್ಯೂಎಲ್. ಇವತ್ತಿಗೂ ಬ್ಯಾಂಕಿನ ಪಾಸ್‌ಬುಕ್ಕಿನಿಂದ ರೈಲಿನ ಟಿಕೆಟ್ಟಿನವರೆಗೆ ಹಿನ್ನೆಲೆಯಲ್ಲಿ ದುಡಿಯುತ್ತಿರುವುದು ಹೆಚ್ಚಾಗಿ ಅದೇ.

ಆದರೆ ಕೋಷ್ಟಕಕ್ಕೆ ಒಂದು ಕುರುಡು ಮೂಲೆ ಇತ್ತು. ‘ತಂದೆ–ಮಗು’ ಎಂಬ ಎರಡು ಕಂಬಗಳ ಕೋಷ್ಟಕ ಇದೆ ಎನ್ನಿ. ಅಜ್ಜ ಯಾರು ಎಂದು ಕೇಳಬಹುದು. ಕೋಷ್ಟಕವನ್ನು ಅದಕ್ಕೇ ಒಮ್ಮೆ ಜೋಡಿಸಿದರೆ ಸಾಕು. ಮುತ್ತಜ್ಜನಿಗೆ ಎರಡು ಸಲ ಜೋಡಿಸಬೇಕು. ಎಷ್ಟು ತಲೆಮಾರು ಎಂದು ಮೊದಲೇ ಹೇಳದೆ ‘ಇವರ ಪೂರ್ವಜರೆಲ್ಲ ಯಾರು?’ ಎಂದು ಕೇಳಿದರೆ? ಕೋಷ್ಟಕಗಳನ್ನು ಪ್ರಶ್ನಿಸಲು ಕಾಡ್ ಕೊಟ್ಟ ಬೀಜಗಣಿತ ಅಲ್ಲಿಗೆ ಕೈಚೆಲ್ಲುತ್ತದೆ. ಆ ಪ್ರಶ್ನೆಯನ್ನು ಅದರಲ್ಲಿ ಬರೆಯಲು ಸಾಧ್ಯವೇ ಇಲ್ಲ ಎಂದು ಆಲ್ಫ್ರೆಡ್ ಆಹೊ ಮತ್ತು ಉಲ್ಮನ್ 1979ರಲ್ಲಿ ಸಾಧಿಸಿ ತೋರಿಸಿದರು. ಮೆಂಡೆಲ್ಜಾನ್ ಡಾಕ್ಟರೇಟ್ ಪಡೆದ ವರ್ಷವೇ ಗುರು ಈ ಗೋಡೆಯನ್ನು ಗುರುತಿಸಿದ್ದರು. ಗೋಡೆಗೆ ಬಾಗಿಲು ಕೊರೆಯುವ ಕೆಲಸಕ್ಕೆ ಶಿಷ್ಯ ಮುಂದೆ ಕೈಹಾಕಿದರು.

ಅದೇ ವರ್ಷ ಡೇವಿಡ್ ಮೇಯರ್ ಮತ್ತು ಯೆಹೊಶುವಾ ಸಗಿವ್ ಜೊತೆ ಮೆಂಡೆಲ್ಜಾನ್ ಬರೆದ ಪ್ರಬಂಧವೊಂದೂ ಹೆಸರಾಯಿತು. ಡೇಟಾಬೇಸಿನ ಒಂದಷ್ಟು ನಿಯಮಗಳಿಂದ ಇನ್ನೊಂದು ನಿಯಮ ತಾನಾಗಿ ಹೊರಡುತ್ತದೆಯೇ ಎಂದು ಪರೀಕ್ಷಿಸುವ ‘ಚೇಸ್’ ಎಂಬ ವಿಧಾನ ಅದು. ಡೇಟಾಬೇಸ್ ಸಿದ್ಧಾಂತ ಓದುವವರು ಇಂದಿಗೂ ಅದನ್ನು ಕಲಿಯುತ್ತಾರೆ. ನಮ್ಮ ಕತೆಗೆ ಬೇಕಾದ್ದು ಬಾಗಿಲಿನ ವಿಚಾರ.

ಪ್ರಶ್ನೆಯನ್ನೇ ಚಿತ್ರ ಬರೆದವರು

1987ರಲ್ಲಿ ಇಸಾಬೆಲ್ ಕ್ರೂಜ್ ಮತ್ತು ಪೀಟರ್ ವುಡ್ ಜೊತೆಗೂಡಿ ಮೆಂಡೆಲ್ಜಾನ್ ಒಂದು ಹೊಸ ಭಾಷೆ ಪ್ರಕಟಿಸಿದರು. ಹೆಸರು ಒಂದೇ ಅಕ್ಷರ: ‘ಜಿ’. ಅದರಲ್ಲಿ ಮಾಹಿತಿ ಕೋಷ್ಟಕವಾಗಿರುವುದಿಲ್ಲ. ರಂಗೋಲಿಯ ಹಾಗೆ ಚುಕ್ಕಿಗಳಿರುತ್ತವೆ, ಚುಕ್ಕಿಗಳನ್ನು ಸೇರಿಸುವ ಗೆರೆಗಳಿರುತ್ತವೆ. ಪ್ರತಿ ಗೆರೆಗೂ ಒಂದು ಹೆಸರು: ‘ತಾಯಿ’, ‘ಗಂಡ’, ‘ಬಸ್ಸು’. ಪ್ರಶ್ನೆಯೂ ಒಂದು ಚಿಕ್ಕ ರಂಗೋಲಿಯೇ. ಈ ಮಾದರಿ ದೊಡ್ಡ ಚಿತ್ರದಲ್ಲಿ ಎಲ್ಲೆಲ್ಲಿ ಕೂರುತ್ತದೆ ಎಂದು ಯಂತ್ರ ಹುಡುಕುತ್ತದೆ.

ನಿಜವಾದ ಚಮತ್ಕಾರ ಇದ್ದದ್ದು ಗೆರೆಯ ಮೇಲೆ ಏನು ಬರೆಯಬಹುದು ಎಂಬುದರಲ್ಲಿ. ಗಣಿತಜ್ಞ ಸ್ಟೀಫನ್ ಕ್ಲೀನ್ 1950ರ ದಶಕದಲ್ಲಿ ಬಳಕೆಗೆ ತಂದ ಪುಟ್ಟ ನಕ್ಷತ್ರ ಚಿಹ್ನೆಯನ್ನು ಅವರು ಎರವಲು ತಂದರು. ‘ಬಸ್ಸು’ ಎಂದಷ್ಟೇ ಬರೆದರೆ ಒಂದೇ ಬಸ್ಸು. ಅದರ ಪಕ್ಕ ನಕ್ಷತ್ರ ಹಾಕಿದರೆ ಎಷ್ಟು ಬಸ್ಸಾದರೂ ಆಗಬಹುದು, ಒಂದೂ ಇಲ್ಲದಿರಬಹುದು. ಕೂಡು ಚಿಹ್ನೆ ಹಾಕಿದರೆ ಒಂದಾದರೂ ಇರಲೇಬೇಕು. ‘ಪೂರ್ವಜ’ ಎಂದರೆ ‘ತಂದೆ ಅಥವಾ ತಾಯಿ’ ಎಂಬುದರ ಪಕ್ಕ ಒಂದು ಕೂಡು ಚಿಹ್ನೆ, ಅಷ್ಟೇ. ಎಸ್‌ಕ್ಯೂಎಲ್‌ಗೆ ಈ ಶಕ್ತಿ ಅಧಿಕೃತವಾಗಿ ಬಂದದ್ದು 1999ರ ಆವೃತ್ತಿಯಲ್ಲಿ.

ಜಿ ಭಾಷೆ ಬೆಳೆದು ‘ಜಿ ಪ್ಲಸ್’ ಆಯಿತು. 1990ರಲ್ಲಿ ಮಾರಿಯಾನೊ ಕಾನ್ಸೆನ್ಸ್ ಜೊತೆ ರೂಪಿಸಿದ ‘ಗ್ರಾಫ್‌ಲಾಗ್’ ಬಂತು. ಆದರೆ ಈ ಹಾದಿಯಲ್ಲಿ ಅವರಿಗೆ ಎದುರಾದ ಒಂದು ತೊಡಕು ಭಾಷೆಗಿಂತ ಹೆಚ್ಚು ಬಾಳಿಕೆ ಬಂತು.

ಸಾಗರದಿಂದ ಮೈಸೂರಿಗೆ ಬಸ್ಸು ಬದಲಿಸುತ್ತಾ ಹೋಗಬೇಕು ಎನ್ನಿ. ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ, ಹೀಗೆ. ದಾರಿ ಇದೆಯೇ ಎಂದಷ್ಟೇ ಕೇಳಿದರೆ ಕಂಪ್ಯೂಟರ್ ಥಟ್ಟನೆ ಹೇಳುತ್ತದೆ. ಒಂದು ಷರತ್ತು ಸೇರಿಸಿ: ಹತ್ತಿದ ಬಸ್ಸುಗಳ ಲೆಕ್ಕ ಸರಿಸಂಖ್ಯೆ ಆಗಿರಬೇಕು. ಆಗಲೂ ಕಷ್ಟವಿಲ್ಲ. ಇನ್ನೂ ಒಂದು ಸೇರಿಸಿ: ಒಮ್ಮೆ ಇಳಿದ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಇಳಿಯಬಾರದು. ಕೇಳಲು ಇದು ತೀರಾ ಸಹಜ ಷರತ್ತು. ಬುದ್ಧಿ ನೆಟ್ಟಗಿರುವ ಪ್ರಯಾಣಿಕ ಯಾರೂ ಸುತ್ತಿ ಸುತ್ತಿ ಅದೇ ಊರಿಗೆ ಬರುವುದಿಲ್ಲ. ಆದರೆ ಎರಡು ಷರತ್ತೂ ಸೇರಿದೊಡನೆ ಪ್ರಶ್ನೆಯ ಗುಣವೇ ಬದಲಾಗುತ್ತದೆ. ಎಲ್ಲಾ ಸಂದರ್ಭಕ್ಕೂ ಹೊಂದುವ ಶೀಘ್ರ ವಿಧಾನ ಇಂದಿಗೂ ಯಾರಿಗೂ ಸಿಕ್ಕದ, ಊರುಗಳು ಹೆಚ್ಚಿದಂತೆ ಹುಡುಕಾಟ ಕೈಮೀರಿ ಬೆಳೆಯುವ ಕಠಿಣ ಸಮಸ್ಯೆಗಳ ಸಾಲಿಗೆ ಅದು ಸೇರುತ್ತದೆ. ಮೆಂಡೆಲ್ಜಾನ್ ಮತ್ತು ವುಡ್ 1989ರಲ್ಲಿ ಇದನ್ನು ಸಾಧಿಸಿದರು. ಯಾವ ಬಗೆಯ ಪ್ರಶ್ನೆಗಳಿಗೆ ಈ ಕಷ್ಟ ಇಲ್ಲ ಎಂಬುದನ್ನೂ ವಿಂಗಡಿಸಿ ಕೊಟ್ಟರು.

ಮೆಂಡೆಲ್ಜಾನ್ ಅವರ ಕೆಲಸದ ರೀತಿಯೇ ಇದು. ಹೊಸ ಪ್ರಶ್ನೆ ಕೇಳಲು ಭಾಷೆ ಕೊಡುವುದು ಒಂದು ಕೈ. ಆ ಪ್ರಶ್ನೆಗೆ ಎಷ್ಟು ಬೆಲೆ ತೆರಬೇಕು ಎಂದು ಲೆಕ್ಕ ಹಾಕುವುದು ಇನ್ನೊಂದು ಕೈ.

ಜಾಲವೇ ಡೇಟಾಬೇಸ್ ಆದಾಗ

ಅಷ್ಟರಲ್ಲಿ ವೆಬ್ ಬಂತು. ಚುಕ್ಕಿ ಮತ್ತು ಗೆರೆಗಳ ಭಾಷೆ ಕಟ್ಟಿಕೊಂಡು ಕೂತವರ ಮುಂದೆ ಇಡೀ ಜಗತ್ತೇ ಚುಕ್ಕಿ ಗೆರೆಗಳ ಚಿತ್ರವಾಗಿ ಬಂದು ನಿಂತಿತು. ಪುಟ ಚುಕ್ಕಿ, ಕೊಂಡಿ ಗೆರೆ.

1995ರ ಕೊನೆಗೆ ಆಲ್ಟಾವಿಸ್ಟಾ ಎಂಬ ಹುಡುಕುಯಂತ್ರ ಶುರುವಾಗಿತ್ತು. ಪದ ಕೊಟ್ಟರೆ ಪುಟಗಳ ಪಟ್ಟಿ ಕೊಡುತ್ತಿತ್ತು. ಪುಟಗಳ ನಡುವಿನ ಕೊಂಡಿಗಳ ದಾರಿ ಆ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ‘ಇಂಥ ವಿಭಾಗದ ಮುಖಪುಟದಿಂದ ಹೊರಟು, ಅದೇ ತಾಣದೊಳಗೆ ಎರಡು ಹೆಜ್ಜೆಯೊಳಗೆ ಸಿಗುವ, ಇಂಥ ವಿಷಯದ ಪುಟಗಳನ್ನು ಕೊಡು’ ಎಂದು ಕೇಳಲು ದಾರಿ ಇರಲಿಲ್ಲ. 1996ರಲ್ಲಿ ಮೆಂಡೆಲ್ಜಾನ್, ಜಾರ್ಜ್ ಮಿಹೈಲಾ ಮತ್ತು ಟೆಲ್ ಅವೀವ್ ವಿಶ್ವವಿದ್ಯಾಲಯದ ಟೋವಾ ಮಿಲೋ ಅದಕ್ಕೆಂದೇ ‘ವೆಬ್‌ಎಸ್‌ಕ್ಯೂಎಲ್’ ಎಂಬ ಭಾಷೆಯನ್ನು ಮುಂದಿಟ್ಟರು.

ಅವರು ಇಡೀ ವೆಬ್ಬನ್ನು ಎರಡು ಕಾಲ್ಪನಿಕ ಕೋಷ್ಟಕಗಳಾಗಿ ನೋಡಿದರು. ಒಂದರಲ್ಲಿ ಪುಟಗಳು: ವಿಳಾಸ, ಶೀರ್ಷಿಕೆ, ಪಠ್ಯ, ಉದ್ದ, ತಿದ್ದಿದ ದಿನ. ಇನ್ನೊಂದರಲ್ಲಿ ಕೊಂಡಿಗಳು: ಯಾವ ಪುಟದಿಂದ, ಯಾವ ಪುಟಕ್ಕೆ, ಕೊಂಡಿಯ ಮೇಲೆ ಬರೆದ ಪದ ಏನು. ಕೊಂಡಿಗಳಲ್ಲೂ ಭೇದ ಮಾಡಿದರು. ಅದೇ ಪುಟದೊಳಗೆ ಕೆಳಗಿಳಿಸುವ ಕೊಂಡಿ ಒಂದು ಬಗೆ. ಅದೇ ಸರ್ವರಿನ ಬೇರೆ ಪುಟಕ್ಕೆ ಒಯ್ಯುವುದು ಇನ್ನೊಂದು. ಅದಕ್ಕೆ ಒಂಟಿ ಗೆರೆಯ ಬಾಣ. ಬೇರೆಯದೇ ಸರ್ವರಿಗೆ ದಾಟಿಸುವುದು ಮೂರನೆಯದು. ಅದಕ್ಕೆ ಜೋಡಿ ಗೆರೆಯ ಬಾಣ. ಈ ಬಾಣಗಳ ಪಕ್ಕ ಅದೇ ಹಳೆಯ ನಕ್ಷತ್ರ ಹಾಕಬಹುದಿತ್ತು.

ಈ ಭೇದ ಏಕೆ? ಬೆಲೆಯ ಲೆಕ್ಕಕ್ಕೆ. ಮನೆಯೊಳಗೆ ಓಡಾಡುವುದು ಅಗ್ಗ, ಊರು ದಾಟುವುದು ತುಟ್ಟಿ. ಪ್ರಶ್ನೆಯಲ್ಲಿ ಜೋಡಿ ಬಾಣ ಎಷ್ಟಿವೆ ಎಂದು ನೋಡಿದರೆ, ಅದಕ್ಕೆ ಉತ್ತರಿಸಲು ಜಾಲದಲ್ಲಿ ಎಷ್ಟು ಅಲೆಯಬೇಕು ಎಂಬ ಅಂದಾಜು ಹೊರಡುವ ಮೊದಲೇ ಸಿಗುತ್ತದೆ. ಸಾಗರದ ಅಜ್ಜಿಯೂ ಹೀಗೇ ಮಾಡಿದ್ದರು. ಮೊದಲು ಅಪ್ಪ, ಆಮೇಲೆ ಅಮ್ಮನ ತವರು, ಆ ಊರಲ್ಲೂ ಯಾವ ಮನೆ. ಸುತ್ತಳತೆ ಚಿಕ್ಕದು ಮಾಡಿಕೊಂಡು ಹುಡುಕಿದ್ದರು.

ಮರುವರ್ಷ ಮೆಂಡೆಲ್ಜಾನ್ ಮತ್ತು ಮಿಲೋ ಇನ್ನೂ ಬುಡದ ಪ್ರಶ್ನೆ ಎತ್ತಿದರು: ವೆಬ್ ವಿಷಯದಲ್ಲಿ ಯಾವ ಪ್ರಶ್ನೆಗೆ ಉತ್ತರ ಸಾಧ್ಯ? ಬ್ಯಾಂಕಿನ ಡೇಟಾಬೇಸಿಗೆ ಬೇಲಿ ಇದೆ. ಎಲ್ಲಾ ಖಾತೆ ನೋಡಿ ಮುಗಿಸಿದೆ ಎನ್ನಬಹುದು. ವೆಬ್ಬಿಗೆ ಬೇಲಿ ಇಲ್ಲ. ಪುಟದೊಳಗೆ ನಿಂತರೆ ಅದರಿಂದ ಹೊರಹೋಗುವ ಕೊಂಡಿ ಕಾಣುತ್ತದೆ, ಒಳಬರುವ ಕೊಂಡಿ ಕಾಣುವುದಿಲ್ಲ. ‘ನಾನು ಯಾರನ್ನು ಹೊಗಳಿದ್ದೇನೆ’ ಎಂದು ನನ್ನ ಪುಟ ನೋಡಿ ಹೇಳಬಹುದು; ‘ನನ್ನನ್ನು ಯಾರೆಲ್ಲ ಹೊಗಳಿದ್ದಾರೆ’ ಎನ್ನಲು ಊರೆಲ್ಲ ಸುತ್ತಬೇಕು, ಸುತ್ತಿ ಮುಗಿಯಿತು ಎನ್ನುವ ಗಳಿಗೆ ಬರುವುದೇ ಇಲ್ಲ.

ಒಳಬರುವ ಕೊಂಡಿಗಳ ಆ ಕುತೂಹಲ ಅವರನ್ನು ಬಿಡಲಿಲ್ಲ. 2000ದಲ್ಲಿ ದಾವೂದ್ ರಫೀಯಿ ಜೊತೆ ಅವರು ಹುಡುಕಾಟವನ್ನೇ ತಿರುಗಿಸಿ ಹಾಕಿದರು. ವಿಷಯ ಕೊಟ್ಟು ಪುಟ ಕೇಳುವ ಬದಲು, ಪುಟ ಕೊಟ್ಟು ‘ಇದು ಯಾವುದಕ್ಕೆ ಹೆಸರುವಾಸಿ?’ ಎಂದು ಕೇಳಿದರು. ದಾವಣಗೆರೆ ಎಂದರೆ ಬೆಣ್ಣೆದೋಸೆ, ಧಾರವಾಡ ಎಂದರೆ ಪೇಡೆ ಎನ್ನುವುದು ಆ ಊರುಗಳು ಹಚ್ಚಿಕೊಂಡ ಬೋರ್ಡಿನಿಂದ ಬಂದದ್ದಲ್ಲ. ಹೊರಗಿನವರ ಬಾಯಲ್ಲಿ ಬೆಳೆದದ್ದು. ಪುಟದ ಖ್ಯಾತಿಯೂ ಹಾಗೆಯೇ ಅದರತ್ತ ಕೈತೋರಿಸುವ ಪುಟಗಳಲ್ಲಿ ಇದೆ ಎಂಬುದು ಅವರ ಎಣಿಕೆ.

ಗೆದ್ದದ್ದು ಖಾಲಿ ಪೆಟ್ಟಿಗೆ

ಇಷ್ಟಾಗಿಯೂ ವೆಬ್‌ಎಸ್‌ಕ್ಯೂಎಲ್ ಹೆಸರು ನೀವು ಕೇಳಿರುವುದಿಲ್ಲ. ಕೇಳಿರುವುದು ಗೂಗಲ್ ಹೆಸರು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಹೊರಬಂದ ಆ ಕಂಪನಿಯೂ ಕೊಂಡಿಗಳನ್ನೇ ನೆಚ್ಚಿಕೊಂಡಿತ್ತು. ಆದರೆ ಅದು ಕೊಂಡಿಗಳ ಲೆಕ್ಕವನ್ನೆಲ್ಲ ಒಳಮನೆಯಲ್ಲಿ ಮಾಡಿ, ಗಿರಾಕಿಯ ಮುಂದೆ ಒಂದು ಖಾಲಿ ಪೆಟ್ಟಿಗೆ ಮಾತ್ರ ಇಟ್ಟಿತು. ಎರಡು ಪದ ಟೈಪ್ ಮಾಡುವವರಿಗೆ ಬಾಣ, ನಕ್ಷತ್ರಗಳ ವ್ಯಾಕರಣ ಕಲಿಯುವ ತಾಳ್ಮೆ ಏಕಿರಬೇಕು?

ಗೆಲುವು ನ್ಯಾಯವಾದದ್ದೇ. ಆದರೆ ಒಂದು ನಷ್ಟವೂ ಆಯಿತು. ಪೆಟ್ಟಿಗೆಯಲ್ಲಿ ಪದ ಇಡಬಹುದಿತ್ತು, ದಾರಿ ಇಡಲು ಜಾಗ ಇರಲಿಲ್ಲ. ಯಾವ ಕೊಂಡಿ ಹಿಡಿದು ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸುವ ಹಕ್ಕು ಕೇಳುವವನ ಕೈಯಿಂದ ಜಾರಿ ಹುಡುಕುಯಂತ್ರದ ಕೈ ಸೇರಿತು.

ಮೆಂಡೆಲ್ಜಾನ್ ದಾರಿಯನ್ನು ಬಿಡಲಿಲ್ಲ. ಆ ಹೊತ್ತಿಗೆ ಡಬ್ಲ್ಯೂ3ಸಿ ಎಂಬ ವೆಬ್‌ನ ನಿಯಮ ಸಂಸ್ಥೆ ‘ಆರ್‌ಡಿಎಫ್’ ಎಂಬ ಬರವಣಿಗೆಯ ಕ್ರಮವನ್ನು ರೂಢಿಗೆ ತರುತ್ತಿತ್ತು. ಅದರಲ್ಲಿ ಪ್ರತಿ ಸಂಗತಿಯೂ ಮೂರು ತುಂಡಿನ ಒಂದು ವಾಕ್ಯ. ‘ಕಾವೇರಿ – ಉಪನದಿ – ಹೇಮಾವತಿ’ ಒಂದು ವಾಕ್ಯ. ‘ಹೇಮಾವತಿ – ಉಪನದಿ – ಯಗಚಿ’ ಇನ್ನೊಂದು. ಇಂಥ ವಾಕ್ಯಗಳನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಬರೆಯಬಹುದು, ಒಂದಕ್ಕೊಂದು ಹೊಲಿಯಬಹುದು. ‘ಉಪನದಿ’ಯ ಪಕ್ಕ ಕೂಡು ಚಿಹ್ನೆ ಹಾಕಿ ಕಾವೇರಿಯಿಂದ ಹೊರಟರೆ ಯಗಚಿಯೂ ಬಲೆಗೆ ಬೀಳುತ್ತದೆ.

ಸರಳವಾಗಿ ಕಾಣುವ ಈ ಕ್ರಮದಲ್ಲೂ ಸಿಕ್ಕುಗಳಿದ್ದವು. ‘ಯಾರೋ ಒಬ್ಬರು ಈ ಪುಸ್ತಕ ಬರೆದಿದ್ದಾರೆ’ ಎಂದು ಹೆಸರಿಲ್ಲದ ಚುಕ್ಕಿ ಇಡಲು ಅದರಲ್ಲಿ ಅವಕಾಶ ಇದೆ. ಪಕ್ಕದಲ್ಲೇ ‘ಇಂಥವರು ಈ ಪುಸ್ತಕ ಬರೆದಿದ್ದಾರೆ’ ಎಂಬ ವಾಕ್ಯ ಇದ್ದರೆ ಮೊದಲನೆಯದು ವ್ಯರ್ಥ. ಅಂಥ ಪುನರುಕ್ತಿಯನ್ನು ಗುರುತಿಸುವುದು ಹೇಗೆ, ಎರಡು ಬರಹಗಳು ಒಂದೇ ಮಾತು ಹೇಳುತ್ತಿವೆ ಎನ್ನುವುದು ಹೇಗೆ, ಇವುಗಳ ಮೇಲೆ ಪ್ರಶ್ನೆ ಕೇಳಿದರೆ ಉತ್ತರ ಎಂದರೇನು? ಚಿಲಿ ದೇಶದ ಕ್ಲಾಡಿಯೊ ಗುಟಿಯರೆಸ್ ಮತ್ತು ಕಾರ್ಲೊಸ್ ಹುರ್ಟಾಡೊ ಜೊತೆ ಮೆಂಡೆಲ್ಜಾನ್ 2004ರಲ್ಲಿ ಬರೆದ ಪ್ರಬಂಧ ಈ ಪ್ರಶ್ನೆಗಳಿಗೆ ಗಣಿತದ ಅಡಿಪಾಯ ಹಾಕಿತು.

ಮರುವರ್ಷ, 2005ರ ಜೂನ್‌ನಲ್ಲಿ, ಅವರು ತೀರಿಕೊಂಡರು. ಲ್ಯಾಟಿನ್ ಅಮೆರಿಕದ ಡೇಟಾಬೇಸ್ ವಿಜ್ಞಾನಿಗಳು ಅವರ ಹೆಸರಿನಲ್ಲಿ ಒಂದು ಕಾರ್ಯಾಗಾರ ಕಟ್ಟಿದರು. ಇಂದು ಈ ಊರು ನಾಳೆ ಆ ಊರು ಎಂದು ಅದು ಆ ಖಂಡದಲ್ಲಿ ತಿರುಗುತ್ತಿರುತ್ತದೆ. ಡೇಟಾಬೇಸ್ ಸಿದ್ಧಾಂತದ ಪ್ರಮುಖ ಸಮ್ಮೇಳನವಾದ ‘ಪಾಡ್ಸ್’, ಹತ್ತು ವರ್ಷ ಕಳೆದರೂ ಮಾಸದ ಪ್ರಬಂಧಗಳಿಗೆ ಅವರ ಹೆಸರಿನ ಪ್ರಶಸ್ತಿ ಕೊಡುತ್ತದೆ.

ಎಲೆ ಎಣಿಸುವುದೋ, ಸಂಬಂಧ ಎಣಿಸುವುದೋ?

2008ರ ಜನವರಿಯಲ್ಲಿ ಡಬ್ಲ್ಯೂ3ಸಿ ಈ ಮೂರು ತುಂಡಿನ ವಾಕ್ಯಗಳನ್ನು ಕೇಳಲು ‘ಸ್ಪಾರ್ಕಲ್’ ಎಂಬ ಭಾಷೆಯನ್ನು ಅಧಿಕೃತಗೊಳಿಸಿತು. ಮೊದಲ ಆವೃತ್ತಿಯಲ್ಲಿ ನಕ್ಷತ್ರ ಇರಲಿಲ್ಲ. ಎರಡನೆಯದಕ್ಕೆ ಸೇರಿಸಲು ಹೊರಟರು. ಆಗ ಒಂದು ಜಗಳ ಹುಟ್ಟಿತು. ಅದನ್ನು ಅರ್ಥ ಮಾಡಿಕೊಳ್ಳಲು ನಾವು ಮತ್ತೆ ಮದುವೆಮನೆಗೆ ಹೋಗೋಣ.

ನಮ್ಮ ಕಡೆಯ ಹಲವು ಮನೆತನಗಳಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ವಾಡಿಕೆ ಇತ್ತು. ಹಾಗೆ ಮದುವೆಯಾದವರ ಮಗುವಿನ ಪೂರ್ವಜರನ್ನು ಹುಡುಕಿ. ಅಪ್ಪನ ಕಡೆಯಿಂದ ಎರಡು ಹೆಜ್ಜೆ ಹೋದರೆ ಅಪ್ಪನ ತಾಯಿ ಸಿಗುತ್ತಾಳೆ. ಅಮ್ಮನ ಕಡೆಯಿಂದ ಮೂರು ಹೆಜ್ಜೆ ಹೋದರೆ ಅಮ್ಮನ ತಾಯಿಯ ತಾಯಿ ಸಿಗುತ್ತಾಳೆ. ಇಬ್ಬರೂ ಒಬ್ಬಳೇ. ಅಜ್ಜಿಯೂ ಅವಳೇ, ಮುತ್ತಜ್ಜಿಯೂ ಅವಳೇ. ಪಟ್ಟಿಯಲ್ಲಿ ಅವಳ ಹೆಸರು ಒಮ್ಮೆ ಬರೆಯಬೇಕೋ, ಎರಡು ಸಲವೋ?

ಸ್ಪಾರ್ಕಲ್‌ನ ಕರಡು ‘ಎಷ್ಟು ದಾರಿಯೋ ಅಷ್ಟು ಸಲ’ ಎಂದಿತು. ಎರಡು ದಾರಿ ಇದ್ದಲ್ಲಿ ಇದು ಚಿಲ್ಲರೆ ವಿಷಯ. ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಒಂದು ಪುಟ್ಟ ಗುಂಪು ತೆಗೆದುಕೊಂಡು, ನಕ್ಷತ್ರದೊಳಗೆ ನಕ್ಷತ್ರ ಇಟ್ಟು ಕೇಳಿದರೆ ದಾರಿಗಳು ಊಹೆಗೆ ಮೀರಿ ಹೆಚ್ಚುತ್ತವೆ. ಮಾರ್ಸೆಲೊ ಅರೇನಾಸ್, ಸೆಬಾಸ್ಟಿಯನ್ ಕೊಂಕಾ, ಹೋರ್ಹೆ ಪೆರೆಸ್ ಎಂಬ ಚಿಲಿಯ ಮೂವರು 2012ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ನಡೆದ ವೆಬ್ ಸಮ್ಮೇಳನದಲ್ಲಿ ಇದನ್ನು ಬಯಲಿಗೆಳೆದರು. ಅವರ ಪ್ರಬಂಧದ ಶೀರ್ಷಿಕೆಯಲ್ಲೇ ಯೊಟ್ಟಾಬೈಟ್ ಎಂಬ ಅಳತೆ ಇತ್ತು. ಅಂದರೆ ಒಂದರ ಮುಂದೆ 24 ಸೊನ್ನೆ ಇಟ್ಟಷ್ಟು ಬೈಟ್. ಎಣಿಕೆ ಅದನ್ನೂ ಮೀರುತ್ತದೆ ಎಂಬುದು ಅವರ ವಾದ. ತಂತ್ರಾಂಶಗಳು ನಿಧಾನವಾಗಿರುವುದು ಅವನ್ನು ಬರೆದವರ ತಪ್ಪಲ್ಲ, ನಿಯಮದಲ್ಲೇ ದೋಷ ಇದೆ ಎಂದು ಅವರು ಸಾಧಿಸಿದರು. ಪರಿಹಾರವನ್ನೂ ಹೇಳಿದರು: ದಾರಿ ಎಷ್ಟು ಎಂದು ಎಣಿಸಬೇಡಿ, ಇದೆಯೋ ಇಲ್ಲವೋ ನೋಡಿ.

ಅಡುಗೆಯವರಿಗೆ ಇದು ಮೊದಲಿನಿಂದಲೂ ಗೊತ್ತು. ಒಬ್ಬರು ವರನಿಗೆ ಮಾವನೂ ಆಗಬಹುದು, ವಧುವಿಗೆ ಅಜ್ಜನೂ ಆಗಬಹುದು. ಎಲೆ ಹಾಕುವುದು ಒಂದೇ. ಡಬ್ಲ್ಯೂ3ಸಿ ಕೂಡ ಕೊನೆಗೆ ಎಲೆ ಎಣಿಸುವ ಪಕ್ಷಕ್ಕೇ ಬಂತು. 2013ರ ಮಾರ್ಚ್‌ನಲ್ಲಿ ಹೊರಬಂದ ಸ್ಪಾರ್ಕಲ್ 1.1ರಲ್ಲಿ ನಕ್ಷತ್ರ, ಕೂಡು ಚಿಹ್ನೆಗಳು ಒಬ್ಬರನ್ನು ಒಮ್ಮೆ ಮಾತ್ರ ಕೊಡುತ್ತವೆ. 1989ರಲ್ಲಿ ಮೆಂಡೆಲ್ಜಾನ್ ಮತ್ತು ವುಡ್ ಕೊಟ್ಟಿದ್ದ ಎಚ್ಚರಿಕೆಯ ಸಾರವೂ ಇದೇ ಆಗಿತ್ತು: ದಾರಿಯ ಮೇಲೆ ಒಂದು ಸಣ್ಣ ಷರತ್ತು ಹಾಕುವಾಗಲೂ ಬೆಲೆ ಕೇಳಿ ಹಾಕಿ.

ಕನ್ನಡದಲ್ಲಿ ಕೇಳಿದರೆ

ಇಂದು ಈ ಬಗೆಯ ಪ್ರಶ್ನೆ ದಿನವೂ ನಡೆಯುತ್ತಿದೆ. 2016ರಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿದ ‘ಪನಾಮ ಪೇಪರ್ಸ್’ ತನಿಖೆಯಲ್ಲಿ ಪತ್ರಕರ್ತರ ಮುಂದಿದ್ದದ್ದು ಒಂದು ಕೋಟಿ 15 ಲಕ್ಷ ದಾಖಲೆ, 2.6 ಟೆರಾಬೈಟ್. ಈ ರಾಜಕಾರಣಿಗೂ ಆ ದ್ವೀಪದ ಹೆಸರಿಲ್ಲದ ಕಂಪನಿಗೂ ನಡುವೆ ಯಾರ್ಯಾರು ನಿಂತಿದ್ದಾರೆ ಎಂಬುದು ಅವರ ಪ್ರಶ್ನೆ. ಉತ್ತರ ಹುಡುಕಲು ಅವರು ಬಳಸಿದ ಸಲಕರಣೆಗಳಲ್ಲಿ ಚುಕ್ಕಿ ಗೆರೆಗಳ ಡೇಟಾಬೇಸ್ ಒಂದು.

2024ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಚುಕ್ಕಿ ಗೆರೆಗಳ ಡೇಟಾಬೇಸಿಗೆಂದೇ ‘ಜಿಕ್ಯೂಎಲ್’ ಭಾಷೆಯನ್ನು ಪ್ರಕಟಿಸಿತು. ಎಸ್‌ಕ್ಯೂಎಲ್ ಐಎಸ್‌ಒ ಮಾನಕವಾದದ್ದು 1987ರಲ್ಲಿ, ಜಿ ಭಾಷೆಯ ಪ್ರಬಂಧ ಬಂದ ವರ್ಷವೇ. ಕೋಷ್ಟಕದ ಭಾಷೆಗೆ ಮುದ್ರೆ ಬಿದ್ದ ವರ್ಷ ಹುಟ್ಟಿದ ವಿಚಾರ, 37 ವರ್ಷ ಕಾದು ತಾನೂ ಮುದ್ರೆ ಹಾಕಿಸಿಕೊಂಡಿತು. ಹೊಸ ಭಾಷೆಯಲ್ಲಿ ‘ನಡೆದ ಗೆರೆಯಲ್ಲಿ ಮತ್ತೆ ನಡೆಯಬೇಡ’, ‘ಕಂಡ ಚುಕ್ಕಿಗೆ ಮತ್ತೆ ಬರಬೇಡ’ ಎನ್ನಲು ಬೇರೆ ಬೇರೆ ಪದಗಳಿವೆ. ಹಳೆಯ ಬಸ್‌ಸ್ಟ್ಯಾಂಡಿನ ಷರತ್ತು ಈಗ ವ್ಯಾಕರಣದ ಭಾಗ.

ದುಡ್ಡಿಲ್ಲದೆ, ಅನುಮತಿ ಕೇಳದೆ ನಾವೂ ನೀವೂ ಬಳಸಬಹುದಾದ ಜಾಗವೂ ಒಂದಿದೆ. ವಿಕಿಪೀಡಿಯದ ಸೋದರ ಯೋಜನೆ ‘ವಿಕಿಡೇಟಾ’ 2012ರಲ್ಲಿ ಶುರುವಾಯಿತು. ಅದನ್ನು ಸ್ಪಾರ್ಕಲ್‌ನಲ್ಲಿ ಪ್ರಶ್ನಿಸುವ ಸೌಲಭ್ಯ 2015ರಲ್ಲಿ ಬಂತು. ಅಲ್ಲಿ ಪ್ರತಿ ವಸ್ತುವಿಗೂ ಭಾಷೆಯ ಹಂಗಿಲ್ಲದ ಒಂದು ಸಂಖ್ಯೆ. ಕರ್ನಾಟಕ ‘ಕ್ಯೂ1185’, ಬೆಂಗಳೂರು ‘ಕ್ಯೂ1355’. ಹೆಸರುಗಳನ್ನು ಆ ಸಂಖ್ಯೆಗೆ ಚೀಟಿಯ ಹಾಗೆ ಅಂಟಿಸಿರುತ್ತಾರೆ. ಕನ್ನಡದ ಚೀಟಿಯನ್ನು ಕನ್ನಡಿಗರೇ ಅಂಟಿಸಬೇಕು. ಯಾವ ಆಡಳಿತಕ್ಕೆ ಸೇರಿದೆ ಎನ್ನುವ ಗೆರೆಯ ಸಂಖ್ಯೆ ‘ಪಿ131’. ಹಳ್ಳಿ ತಾಲ್ಲೂಕಿಗೆ, ತಾಲ್ಲೂಕು ಜಿಲ್ಲೆಗೆ, ಜಿಲ್ಲೆ ರಾಜ್ಯಕ್ಕೆ. ಅದರ ಪಕ್ಕ ನಕ್ಷತ್ರ ಹಾಕಿ ಕರ್ನಾಟಕದತ್ತ ಬಾಣ ತಿರುಗಿಸಿದರೆ, ನಡುವೆ ಎಷ್ಟು ಮೆಟ್ಟಿಲಿವೆ ಎಂಬ ಚಿಂತೆಯಿಲ್ಲದೆ ದಾಖಲಾದ ನಮ್ಮ ಊರುಗಳೆಲ್ಲ ಸಾಲುಗಟ್ಟಿ ಬರುತ್ತವೆ.

ಚೀಟಿ ಇಲ್ಲದಲ್ಲಿ ಲಿಪಿಯ ತೊಡಕು ಎದುರಾಗುತ್ತದೆ. ಒಂದೇ ಹೆಸರು ಬೇರೆ ಬೇರೆ ಲಿಪಿಯಲ್ಲಿ ಬೇರೆಯಾಗಿ ಕೂತರೆ ಯಂತ್ರಕ್ಕೆ ಅವು ಅಪರಿಚಿತರು. ಈ ತೊಡಕನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಕುಮಾರನ್ ಮತ್ತು ಜಯಂತ್ ಹರಿತ್ಸ 2004ರ ಸುಮಾರಿಗೇ ಕೈಗೆತ್ತಿಕೊಂಡಿದ್ದರು. ಹೆಸರನ್ನು ಅಕ್ಷರದಿಂದ ಧ್ವನಿಗೆ ಇಳಿಸಿ, ಧ್ವನಿ ಎಷ್ಟು ಹತ್ತಿರ ಎಂದು ಅಳೆಯುವುದು ಅವರ ಉಪಾಯ. ‘ನೆಹರು’ ಎಂದು ಯಾವ ಲಿಪಿಯಲ್ಲಿ ಬರೆದರೂ ಕಿವಿಗೆ ಒಂದೇ ತಾನೇ?

ವಿಕಿಡೇಟಾದಲ್ಲಿ ಗಂಡ ಅಥವಾ ಹೆಂಡತಿ ಎಂಬುದಕ್ಕೆ ‘ಪಿ26’, ಒಡಹುಟ್ಟಿದವರಿಗೆ ‘ಪಿ3373’. ಹಾಗಾದರೆ ಷಡ್ಡಕ ಎಂದರೆ ಪಿ26, ಪಿ3373, ಮತ್ತೆ ಪಿ26. ಕುತೂಹಲಕ್ಕೆ ಬರೆದು ನೋಡಿದೆ. ಬರೆದ ಮೇಲೆ ತಪ್ಪು ಕಂಡಿತು. ಈ ದಾರಿಯಲ್ಲಿ ಷಡ್ಡಕನ ಜೊತೆ ಓರಗಿತ್ತಿಯೂ ಬರುತ್ತಾಳೆ, ಹೆಂಡತಿಯ ಅಣ್ಣನ ಹೆಂಡತಿಯೂ ಬರುತ್ತಾಳೆ. ಹೊರಟವರು ಗಂಡೋ ಹೆಣ್ಣೋ, ನಡುವೆ ಸಿಕ್ಕವರು ಅಕ್ಕನೋ ಅಣ್ಣನೋ ಎಂದು ಇನ್ನೂ ಎರಡು ಷರತ್ತು ಸೇರಿಸಬೇಕಾಯಿತು. ಕನ್ನಡ ಮೂರು ಅಕ್ಷರದಲ್ಲಿ ಹೇಳುವುದಕ್ಕೆ ಸ್ಪಾರ್ಕಲ್‌ಗೆ ನಾಲ್ಕು ಸಾಲು ಹಿಡಿಯಿತು. ಇನ್ನು ನಾವು ಈಗ ಎಲ್ಲರಿಗೂ ಹಂಚುತ್ತಿರುವ ‘ಅಂಕಲ್’ ಎಂಬ ಪದದಿಂದ ದಾರಿ ಹಿಂದಕ್ಕೆ ತೆಗೆಯುವ ಭಾಷೆ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಆ ದಿನ ಊಟ ಮುಗಿಸಿ ಕೈತೊಳೆದು ಬಂದಾಗ ಅಜ್ಜಿ ಅಲ್ಲೇ ಇದ್ದರು. ‘ಇಷ್ಟೆಲ್ಲ ಮನೆಯವರನ್ನ ಹೇಗೆ ನೆನಪಿಟ್ಕೊಂಡಿದೀರಿ ಅಜ್ಜಿ?’ ಎಂದು ಕೇಳಿದೆ.

‘ಎಲ್ಲರನ್ನೂ ಯಾರು ನೆನಪಿಟ್ಕೋತಾರೋ? ಯಾವ ಮನೆಯಿಂದ ಯಾವ ಮನೆಗೆ ಹೆಣ್ಣು ಕೊಟ್ಟಿದಾರೆ ಅನ್ನೋದು ಗೊತ್ತಿದ್ರೆ ಆಯ್ತು. ಮುಂದಿನದನ್ನ ಆ ಮನೆಯವರು ಹೇಳ್ತಾರೆ.’